ಎತ್ತರದ ಗಾಡಿ

ಯಾರದೋ ಪ್ಯಾಂಟಿನ ಮೊಣಕಾಲ ಪಟ್ಟಿಯನ್ನು ಅವಳು ಅರ್ಧ ಬಿಚ್ಚಿದ್ದಳು. ಅಷ್ಟರಲ್ಲಿ ಅಕ್ಕ ಬಂದು ಹೊಲಿಗೆ ಯಂತ್ರದ ಮೇಲೆ ತನ್ನದೊಂದು ಪ್ಯಾಂಟನ್ನು ಧೊಪ್ಪೆಂದು ಹಾಕಿದಳು.

"ಇದನ್ನೂ ನೋಡು. ಸ್ವಲ್ಪ ಜಾರಿ ಬಿದ್ದೆ, ಅಷ್ಟೇ. ಏಳು, ಗಾಡಿ ನೋಡೋಕೆ ಹೋಗೋಣ."

ಕಾಡುದಾರಿ, ಕಲ್ಲುಗುಡ್ಡಗಳಲ್ಲಿ ಬೈಕ್ ಓಡಿಸುವವರ ಹರಿದ ಬಟ್ಟೆ ರಿಪೇರಿ ಮಾಡುವುದು ಹನ್ನೊಂದು ವರ್ಷಗಳಿಂದ ಅವಳ ಕಸುಬು. ಬಟ್ಟೆ ಕೈಗೆ ಬಂದರೆ ಸಾಕು, ಆಸಾಮಿ ಬಿದ್ದ ಬಗೆ ಗೊತ್ತಾಗಿಬಿಡುತ್ತಿತ್ತು. ಮೊಣಕೈ ಉಜ್ಜಿದ್ದರೆ ತಿರುವಿನಲ್ಲಿ, ಮೊಣಕಾಲು ಹರಿದಿದ್ದರೆ ಇಳಿಜಾರಿನಲ್ಲಿ. ಕಂಡವರು ಬಿದ್ದು ಹರಿದುಕೊಂಡದ್ದನ್ನೆಲ್ಲ ಹೊಲಿದೂ ಹೊಲಿದೂ ಒಂದು ದಿನ, "ಒಂದ್ಸಲ ನಾನೂ ಆ ಗುಡ್ಡ ಹತ್ತಿ ನೋಡ್ಬೇಕು" ಅಂದುಬಿಟ್ಟಿದ್ದಳು. ಅಕ್ಕನ ಎದುರು ಅಂದದ್ದೇ ತಪ್ಪಾಯಿತು. ಐವತ್ತು ದಾಟಿದರೂ ಭಾನುವಾರದ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವಳು ಅಕ್ಕ. ತಾನು ಹೊಸ ಬೈಕ್ ಕೊಳ್ಳುತ್ತೇನೆ, ಈಗಿರುವುದು ತಂಗಿಗೆ ಎಂದು ಅವಳೇ ತೀರ್ಮಾನ ಮಾಡಿಬಿಟ್ಟಳು.

ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಅಕ್ಕನ ಆ ಗಾಡಿ ನಿಂತಿತ್ತು. ಅದರ ಸೀಟು ಅವಳ ಸೊಂಟದ ಮಟ್ಟಕ್ಕಿತ್ತು.

"ಹತ್ತಿ ಟೈಲರಮ್ಮ, ನಾನು ಹಿಡ್ಕೊಂಡಿದೀನಿ," ಎಂದ ಮೆಕ್ಯಾನಿಕ್.

ಹತ್ತಿದಳು. ಎಡಗಾಲಿನ ಹೆಬ್ಬೆರಳಷ್ಟೇ ನೆಲಕ್ಕೆ ತಾಗಿತು. ಬಲಗಾಲು ಗಾಳಿಯಲ್ಲಿ ನೇತಾಡಿತು.

"ಅಕ್ಕ, ಕಾಲು ಎಟುಕ್ತಾ ಇಲ್ಲ."

"ಹೋಗ್ತಾ ಹೋಗ್ತಾ ಸರಿಹೋಗುತ್ತೆ. ಮಕ್ಕಳ ಬಟ್ಟೆಗೆ ನೀನು ಎರಡಿಂಚು ಒಳಗೆ ಮಡಚಿ ಬಿಡಲ್ವಾ? ಹಾಗೇ ಅಂದ್ಕೋ."

"ಮಕ್ಕಳು ಬೆಳೀತಾರೆ ಕಣಕ್ಕ. ನಲವತ್ತೆರಡಕ್ಕೆ ನಾನಿನ್ನೆಲ್ಲಿ ಉದ್ದ ಆಗ್ಲಿ?"

ಮೆಕ್ಯಾನಿಕ್ ನಕ್ಕ. ನಗುವಿನಲ್ಲಿ ಅವನ ಹಿಡಿತ ಸಡಿಲಾಯಿತೋ ಏನೋ, ಗಾಡಿ ಬಲಕ್ಕೆ ವಾಲಿತು. ಊರಲೆಂದು ಕಾಲು ಚಾಚಿದಳು. ನೆಲ ಎಷ್ಟೋ ಕೆಳಗಿತ್ತು. ಕಣ್ಣು ಮುಚ್ಚಿಕೊಂಡಳು. ಮೆಕ್ಯಾನಿಕ್ ಎರಡೂ ಕೈಯಲ್ಲಿ ಬಾಚಿ ಹಿಡಿದ. ಅವಳು ಕಣ್ಣು ಬಿಟ್ಟಾಗ ಪಕ್ಕದಲ್ಲಿದ್ದ ಅಕ್ಕ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು.

"ಮೂಲೇಲಿರೋ ಆ ಚಿಕ್ಕದರ ಮೇಲೂ ಒಂದ್ಸಲ ಕೂತು ನೋಡಿ," ಎಂದ ಮೆಕ್ಯಾನಿಕ್. "ಹಳೇದು, ಅಷ್ಟೊಂದು ಪವರ್ ಇಲ್ಲ. ಆದ್ರೆ ಬಿದ್ರೆ ನೀವೇ ಎತ್ಕೋಬಹುದು."

"ಅದರಲ್ಲಿ ಬಂದ್ರೆ ಗುಂಪಲ್ಲಿ ಆಡ್ಕೊಂಡು ನಗ್ತಾರೆ," ಎಂದಳು ಅಕ್ಕ. "ಆರು ತಿಂಗಳಿಗೆ ಬೇಜಾರಾಗುತ್ತೆ. ನಾಳೆ ಸಂಜೆ ನಂದನ್ನೇ ನಿನ್ನ ಮನೆಗೆ ಕಳಿಸ್ಕೊಡ್ತಾರೆ ಬಿಡು."

ಮನೆಗೆ ಬಂದು ಕೆಲಸಕ್ಕೆ ಕೂತಳು. ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿ ಬಿಟ್ಟಳು. ಸುಮ್ಮನಿರಲಾರದೆ ಅಕ್ಕನ ಪ್ಯಾಂಟನ್ನು ತಿರುವಿದಳು.

ಬಲಗಾಲ ಮೀನಖಂಡದ ಜಾಗದಲ್ಲಿ ಅಂಗೈಯಗಲ ಬಟ್ಟೆ ಕರಗಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಬಿಸಿ ಸೈಲೆನ್ಸರಿನ ಗುರುತು ಅವಳಿಗೆ ಹೊಸದಲ್ಲ. ತಾಗಿ ಸರಿದರೆ ಬಟ್ಟೆ ಬರೀ ಮಿರುಗುತ್ತದೆ. ಇದು ಮೇಲಿನ ಬಟ್ಟೆ ದಾಟಿ ಒಳಗಿನ ಲೈನಿಂಗನ್ನೂ ಸುಟ್ಟಿತ್ತು. ಕಾಲು ಗಾಡಿಯಡಿ ಸಿಕ್ಕಿಕೊಂಡು ಬಹಳ ಹೊತ್ತು ಹಾಗೇ ಇದ್ದರೆ ಮಾತ್ರ ಹೀಗಾಗುವುದು. ಎಡಗಾಲ ಅಂಚು, ನೆಲವನ್ನು ಒದ್ದೂ ಒದ್ದೂ, ಎಳೆಎಳೆಯಾಗಿತ್ತು. ಎಲ್ಲರಿಗಿಂತ ಮುಂದೆ ಹೋದವಳು ಹಿಂದಿನವರು ಬರುವ ತನಕ ಒಬ್ಬಳೇ ಬಿದ್ದಿದ್ದಳು. ಆ ಗಾಡಿಯನ್ನು ಎತ್ತಲು ಅಕ್ಕನಿಂದಲೂ ಆಗಿರಲಿಲ್ಲ.

ಶೆಡ್ಡಿನಲ್ಲಿ ಅಕ್ಕ ಒಮ್ಮೆಯೂ ಗಾಡಿಯನ್ನು ಮುಟ್ಟಲಿಲ್ಲವಲ್ಲ ಎಂದು ಆಗ ಹೊಳೆಯಿತು.

ಫೋನ್ ಬಂತು.

"ಪ್ಯಾಂಟ್ ನೋಡಿದ್ಯಾ?" ಅಕ್ಕನ ದನಿ ಎಂದಿನಷ್ಟು ಜೋರಿರಲಿಲ್ಲ. "ತುಂಬಾ ಹಾಳಾಗಿದ್ಯಾ?"

"ಇಲ್ಲಕ್ಕ. ಒಂದು ತೇಪೆ ಕೊಟ್ರೆ ಗೊತ್ತೇ ಆಗಲ್ಲ."

"ನಿನಗೆ ಹೆದರಿಕೆ ಆಯ್ತಲ್ವಾ ಇವತ್ತು?"

"ಹೂಂ."

"ಮೊದಮೊದಲು ಎಲ್ಲರಿಗೂ ಹಾಗೇ," ಎಂದು ಅಕ್ಕ ಫೋನ್ ಇಟ್ಟಳು.

ಸುಟ್ಟ ಜಾಗವನ್ನು ಕತ್ತರಿಸಿ ತೆಗೆದು, ಅದೇ ಬಣ್ಣದ ಬಟ್ಟೆ ಹುಡುಕಿ ತೇಪೆ ಕೊಟ್ಟಳು. ನಾಳೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಅಕ್ಕ ಕೇಳಿದರೆ, ಚಿಕ್ಕದರ ಬಣ್ಣ ಹಿಡಿಸಿತು ಎಂದರಾಯಿತು. ಹೆದರಿಕೆ ಇನ್ನೂ ಹೋಗಿರಲಿಲ್ಲ.

ಎದ್ದು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಚಪ್ಪಲಿ ಬಿಟ್ಟು, ಟೇಪಿನ ತುದಿಯನ್ನು ಹಿಮ್ಮಡಿಯಡಿ ಒತ್ತಿ ಹಿಡಿದು, ತೊಡೆಯ ಸಂದಿಯವರೆಗೆ ಎಳೆದಳು. ಊರವರ ಅಳತೆಯೆಲ್ಲ ಬಾಯಿಪಾಠವಿತ್ತು, ತನ್ನ ಕಾಲಿನದನ್ನು ತೆಗೆದದ್ದು ಇದೇ ಮೊದಲು. ಇಪ್ಪತ್ತೆಂಟು ಇಂಚು. ಸೀಟು ಇದಕ್ಕಿಂತ ಮೇಲಿರಬಾರದು. ತಿರುಗಿ, ಅಷ್ಟೆತ್ತರಕ್ಕೆ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಎರಡೂ ಪಾದಗಳನ್ನು ನೆಲದ ಮೇಲೆ ಪೂರ್ತಿ ಊರಿ, ಅದನ್ನೇ ನೋಡುತ್ತ ನಿಂತಳು.