ಗೇಟಿನ ಮುಂದಿನ ಶಾಟ್

“ಸಿಕ್ತು ಅಜ್ಜಿ! ತಾತನ ಸಿನಿಮಾ ಪೂರ್ತಿ ಸಿಕ್ತು!” ಎನ್ನುತ್ತಾ ಶಿಲ್ಪಶ್ರೀ ಮೊಬೈಲ್ ಎತ್ತಿ ಹಿಡಿದು, ಕೂತವರನ್ನೆಲ್ಲ ದಾಟಿಕೊಂಡು ಬಂದಳು.

ನೀಲಗಂಗಮ್ಮ ತಟ್ಟನೆ ತಲೆ ಎತ್ತಿದಳು. ಸುಬ್ರಹ್ಮಣ್ಯಪುರದ ಮನೆಯ ಹಾಲಿನಲ್ಲಿ, ತೀರಿಕೊಂಡ ಗಂಡ ಗೌರೀಶಂಕರ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಗೋಡೆಗೊರಗಿ ಕೂತಿದ್ದ. ಕೂರಿಸಿಯೇ ಹೊತ್ತೊಯ್ಯುವ ವಿಮಾನಕ್ಕೆ ಹೊರಗೆ ಹೂ ಕಟ್ಟುತ್ತಿದ್ದರು. ತಾನೂ ಒಂದು ಸಿನಿಮಾದಲ್ಲಿದ್ದೇನೆಂದು ಜೀವಮಾನವಿಡೀ ಕೊಚ್ಚಿಕೊಂಡವನು ಈ ಮಹಾರಾಯ. ವಾರ ಓಡಿ ಮಾಯವಾದ ಆ ಸಿನಿಮಾವನ್ನು ಮನೆಯವರು ಯಾರೂ ಕಂಡಿರಲಿಲ್ಲ.

“ಹಾಕು ಪುಟ್ಟಿ, ಬೇಗ!” ಮಗ ಚಿದಾನಂದ್ ಎದ್ದೇ ನಿಂತ.

ನೀಲಗಂಗಮ್ಮನ ಪಕ್ಕದಲ್ಲಿ ಅವಳ ಅಣ್ಣ ಸೋಮನಾಥ್ ಕೂತಿದ್ದ. “ನಾನೇ ಹುಡುಕಿ ತಂದ ಗಂಡು ಕಣ್ರೀ” ಎಂದು ಬೆಳಗಿನಿಂದ ಬಂದವರಿಗೆಲ್ಲ ಹೇಳುತ್ತಿದ್ದಾನೆ. ಆ ಸಿನಿಮಾದ ಗೇಟಿನ ಶಾಟನ್ನು ಅವನು ನೋಡಿದರೆ ನಲವತ್ತು ವರ್ಷದ ಅವನ ಹೆಮ್ಮೆ ಇವತ್ತೇ ಮಣ್ಣುಪಾಲು. ಆದರೆ ಗಂಡನ ಮುಖ ಅಲುಗುವುದನ್ನು ಇನ್ನೊಂದೇ ಒಂದು ಸಲ ನೋಡಬೇಕಲ್ಲ!

“ಹಾಕೇ” ಎಂದಳು.

*

ಬೊಮ್ಮನಹಳ್ಳಿಯ ಕಾರ್ಖಾನೆಯಲ್ಲಿ ಆಗ ಸೋಮನಾಥ್ ಮ್ಯಾನೇಜರ್, ನೀಲಗಂಗಾ ಟೈಪಿಸ್ಟ್, ಗೌರೀಶಂಕರ ಮುಷ್ಕರ ಹೂಡಿ ಗೇಟಿನ ಮುಂದೆ ಕೂತವನು. ಮಾಲೀಕನ ಮಗಳು ಕಾರ್ಮಿಕನನ್ನು ಪ್ರೀತಿಸುವ ಕತೆಯ ಸಿನಿಮಾದವರು ಬಂದು, ಊಟ ಕೊಡುತ್ತೇವೆಂದು ಈ ನಿಜವಾದ ಮುಷ್ಕರದವರನ್ನೇ ಗುಂಪಿಗೆ ನಿಲ್ಲಿಸಿದರು. ಸಿನಿಮಾ ಪೊಲೀಸರು ಲಾಠಿ ಎತ್ತಿದರೆ ಓಡಬೇಕಿತ್ತು. ಅಭ್ಯಾಸಬಲ, ಗೌರೀಶಂಕರ ಓಡಲಿಲ್ಲ. ಲಾಠಿಯನ್ನೇ ಹಿಡಿದು ನಿಂತ. ನೀಲಗಂಗಾಳೂ ಶೂಟಿಂಗ್ ಎಂಬುದನ್ನೇ ಮರೆತು ಮೆಟ್ಟಿಲಿಳಿದು ಓಡಿದಳು.

ಮುಂದೆ ಅವನಿಗೆ ಸರ್ಕಾರಿ ಕೆಲಸ ಸಿಕ್ಕಿ, ಮಠದ ಕಡೆಯಿಂದ ಸೋಮನಾಥನೇ ಆ ಸಂಬಂಧ ತಂದಾಗ, ಹೆಣ್ಣು ನೋಡುವ ದಿನ ಇಬ್ಬರೂ ಗುರುತೇ ಇಲ್ಲದವರಂತೆ ತಲೆ ತಗ್ಗಿಸಿ ಕೂತಿದ್ದರು.

*

“ತಾತ! ಲಾಠಿ ಹಿಡ್ಕೊಂಡಿರೋದು ತಾತನೇ!”

ಹಾಲಿಗೆ ಹಾಲೇ ಮೊಬೈಲಿಗೆ ಮುಗಿಬಿತ್ತು. ಸಾವಿನ ಮನೆ ಎನ್ನುವುದನ್ನೂ ಮರೆತು ಚಿದಾನಂದ್ ಶಿಳ್ಳೆ ಹೊಡೆದ. ಮೀಸೆ ಚಿಗುರಿದ ಗೌರೀಶಂಕರ ಏನೋ ಕೂಗುತ್ತಿದ್ದ. ನೀಲಗಂಗಮ್ಮ ನಗುತ್ತಲೇ ಗಳಗಳ ಅತ್ತಳು. ಅಷ್ಟರಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು ಗುಂಪಿಗೆ ನುಗ್ಗಿ ಅವನ ಕೈ ಹಿಡಿದೆಳೆದಳು.

“ಅಜ್ಜಿ... ಇದು ನೀನಲ್ವಾ?”

ಎಲ್ಲರೂ ನೀಲಗಂಗಮ್ಮನತ್ತ ತಿರುಗಿದರು. ಅಣ್ಣನ ಕಡೆ ತಿರುಗಲು ಅವಳಿಗೆ ಧೈರ್ಯ ಸಾಲಲಿಲ್ಲ.

“ನಿಲ್ಲಿಸ್ಬೇಡ ಪುಟ್ಟಿ” ಎಂದ ಸೋಮನಾಥ್, ಕನ್ನಡಕ ಸರಿಮಾಡಿಕೊಳ್ಳುತ್ತಾ. “ನೀಲಾ, ಅಲ್ಲಿ ಮೇಲೆ ನೋಡು.”

ಗುಂಪಿನ ಮೇಲೆ, ಆಫೀಸಿನ ಮಹಡಿ ಕಿಟಕಿಯಲ್ಲಿ ಟೈ ಕಟ್ಟಿದ ಯುವಕ ಸೋಮನಾಥ್ ನಿಂತಿದ್ದ. ಕೈ ಹಿಡಿದುಕೊಂಡ ಇಬ್ಬರನ್ನೂ ಕಣ್ಣು ಮಿಟುಕಿಸದೆ ನೋಡಿದ. ಒಳಗಿದ್ದ ಕಾರ್ಖಾನೆಯ ಸಾಹುಕಾರರು ಎದ್ದು ಕಿಟಕಿಯತ್ತ ಬರುತ್ತಿದ್ದರು. ಅವನು ಒಮ್ಮೆ ಹಿಂದೆ ತಿರುಗಿ ನೋಡಿ, ಕಿಟಕಿಯ ಎರಡೂ ಬಾಗಿಲನ್ನು ಎಳೆದು ಮುಚ್ಚಿದ.