ಚಿಲಕವಿಲ್ಲದ ಮನೆ

“ಈ ಮನೇಲಿ ಒಂದು ಬಾಗಿಲಿಗಾದ್ರೂ ಚಿಲಕ ಬೇಡ್ವಾ?”

ಬಚ್ಚಲಿನೊಳಗಿಂದ ಬಂದ ಪ್ರಶ್ನೆ ಯಾರನ್ನೂ ಕುರಿತದ್ದಲ್ಲ. ಅಣ್ಣನ ಅತ್ತೆ ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು, ಇನ್ನೊಂದರಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಊರವರ ಬೀಗಗಳನ್ನೆಲ್ಲ ರಿಪೇರಿ ಮಾಡಿದ ಅಪ್ಪ ಹಜಾರದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

“ಒಳಗೆ ಹೋದೋರು ಪದ್ಯ ಹೇಳ್ತಿರ್ಬೇಕು ಅತ್ತೆ,” ಅಣ್ಣ ಹೊರಗಿನಿಂದ ಹೇಳಿದ. “ದನಿ ಕೇಳಿದ್ರೆ ಯಾರೂ ಬಾಗಿಲು ಮುಟ್ಟಲ್ಲ. ಅದೇ ನಮ್ಮನೆ ಚಿಲಕ.”

“ಸಾವಿನ ಮನೇಲಿ ಹಾಡು ಅಂತೀಯಲ್ಲಪ್ಪಾ!”

ಅಳುತ್ತಿದ್ದವರಲ್ಲಿ ಇಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ತಂಗಿ ನಗಲಿಲ್ಲ. ಹೊಸ್ತಿಲ ಮೇಲೆ, ಬಾಗಿಲ ಚೌಕಟ್ಟು ಹಿಡಿದು ಕೂತಿದ್ದಳು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುತ್ತದೆ, ಅಪ್ಪನ ಪಕ್ಕ ಕೂರಬೇಕು, ಹಿಂದಿನ ಬಾಗಿಲು ಮುಚ್ಚುತ್ತಾರೆ. ಮುಚ್ಚಿದರೆ ಅದು ಬರುತ್ತದೆ. ಎದೆ ನಗಾರಿಯಾಗಿ, ಬೆರಳು ಮರಗಟ್ಟಿ, ಈಗಲೇ ಸತ್ತೆ ಎನಿಸುತ್ತದೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಬರೆದಿದ್ದರು. ಮನೆಯಲ್ಲಿ ಗೊತ್ತಿದ್ದದ್ದು ಅಪ್ಪನೊಬ್ಬನಿಗೇ.

“ಅಪ್ಪನ ಜೊತೆ ನೀನು ಕೂತ್ಕೋ,” ಅಣ್ಣ ಹತ್ತಿರ ಬಂದ.

“ನಾನು ಹಿಂದೆ ನಡ್ಕೊಂಡು ಬರ್ತೀನಿ.”

“ಕೊನೇ ಸಲ ಕಣೇ! ಇದಕ್ಕೂ ನೆಪಾನಾ? ನನ್ನ ಮದುವೇಲೂ ಹೀಗೇ ಊಟದ ಮಧ್ಯೆ ಎದ್ದು ಹೋದೆ.”

ಅವಳು ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

*

ಹೈಸ್ಕೂಲಿನಲ್ಲಿದ್ದಾಗ ಗೆಳತಿಯ ಮನೆಯ ಬಚ್ಚಲಲ್ಲಿ ಚಿಲಕ ಕಚ್ಚಿಕೊಂಡಿತ್ತು. ಅವಳು ಬಾಗಿಲು ಬಡಿದು, ಕಿರುಚಿ, ಕುಸಿದಿದ್ದಳು. ಚೀಲ ಹಿಡಿದು ಓಡಿ ಬಂದ ಅಪ್ಪ ಮೊದಲು ಮಾಡಿದ್ದು ಬಾಗಿಲಾಚೆ ನೆಲದ ಮೇಲೆ ಕೂತದ್ದು.

“ಚಿಲಕ ಮುಟ್ಟಬೇಡ ಮಗಳೇ. ಜೋರು ಮಾಡಿದಷ್ಟೂ ಬಿಗಿಯುತ್ತೆ. ಕೈ ಸಡಿಲ ಬಿಡು.”

“ಸಾಯ್ತೀನಪ್ಪಾ.”

“ಸಾಯಲ್ಲ. ಬಂದದ್ದು ಬಂದ ಹಾಗೇ ಹೋಗುತ್ತೆ. ನಿನ್ನ ಬಚ್ಚಲುಪದ್ಯ ಶುರು ಮಾಡು. ಒಂದು ಸಾಲಿಗೆ ಒಂದು ಉಸಿರು.”

ಒಂದು ಸಾಲು ಅವಳು, ಮುಂದಿನ ಸಾಲು ಆಚೆಯಿಂದ ಅಪ್ಪ. ಪದ್ಯ ಮುಗಿದಾಗ ಬಾಗಿಲು ತೆರೆದಿತ್ತು. ತಿರುಪು ಬಿಚ್ಚಿದ ಸದ್ದೂ ಅವಳಿಗೆ ಕೇಳಿಸಿರಲಿಲ್ಲ. ಆಮೇಲೆ ಅದು ಬಂದಾಗಲೆಲ್ಲ, ಆಫೀಸಿನ ಮೆಟ್ಟಿಲಿಂದಲೋ ಬಸ್ಸಿಳಿದು ರಸ್ತೆಬದಿಯಿಂದಲೋ, ಅಂಗಡಿಗೆ ಫೋನು ಮಾಡುತ್ತಿದ್ದಳು. ಅಪ್ಪ ಕೀಲಿ ಉಜ್ಜುವ ಅರ ಕೆಳಗಿಟ್ಟು, ಗಿರಾಕಿಯನ್ನು ನಿಲ್ಲಿಸಿ, ಮೊದಲ ಸಾಲು ಹೇಳುತ್ತಿದ್ದ. ಸಾಯುವುದಿಲ್ಲವೆಂದು ಅಷ್ಟು ಗಟ್ಟಿಯಾಗಿ ಹೇಗೆ ಗೊತ್ತು ಎಂದು ಅವಳು ಕೇಳಿದ್ದೇ ಇಲ್ಲ.

*

ಗಾಡಿ ಬಂತು. ಜನ ಎದ್ದರು. ಅಮ್ಮ ಬಂದು, ಚೌಕಟ್ಟು ಹಿಡಿದಿದ್ದ ಮಗಳ ಬೆರಳುಗಳನ್ನು ನೋಡಿದಳು.

“ನಿನಗೂನಾ?”

“ಏನಮ್ಮಾ?”

“ಅವರೂ ಎಲ್ಲಿಗೆ ಹೋದ್ರೂ ಬಾಗಿಲ ಪಕ್ಕಾನೇ ಕೂರೋರು. ಮದುವೆ ಆದ ಹೊಸದ್ರಲ್ಲಿ ಒಂದಿನ ಬೆವತು, ಗಡಗಡ ನಡುಗಿ... ಆಮೇಲೆ ಎದ್ದು ಮನೆ ಚಿಲಕಾನೆಲ್ಲ ಬಿಚ್ಚಿ ಹಾಕಿದ್ರು. ‘ಬೀಗದವನಿಗೆ ಮುಚ್ಚಿದ ಬಾಗಿಲು ಕಂಡ್ರೆ ಭಯ ಅಂದ್ರೆ ಊರು ನಗುತ್ತೆ, ಮಕ್ಕಳಿಗೂ ಹೇಳ್ಬೇಡ’ ಅಂದ್ರು.”

ಮಳೆ ಬಿಸಿಲೆನ್ನದೆ ಅಪ್ಪ ಅಂಗಡಿಯ ಹೊರಗಿನ ಸ್ಟೂಲಿನ ಮೇಲೇ ಕೂತು ಕೀಲಿ ಉಜ್ಜುತ್ತಿದ್ದ. ಗಿರಾಕಿ ತಪ್ಪಿಹೋಗದಿರಲೆಂದು ಎಲ್ಲರೂ ತಿಳಿದಿದ್ದರು. ಅವಳೂ.

ಅಪ್ಪನನ್ನು ಒಳಗೆ ಮಲಗಿಸಿದ ಮೇಲೆ ಅವಳು ಗಾಡಿ ಹತ್ತಿದಳು. ತಗಡಿನ ಗೋಡೆ, ಕಿಟಕಿಯಿಲ್ಲ. ಎದೆ ಆಗಲೇ ಹೊಡೆದುಕೊಳ್ಳತೊಡಗಿತ್ತು. ಅಪ್ಪನ ಪಾದದ ಮೇಲೆ ಕೈಯಿಟ್ಟು ಪದ್ಯ ಶುರು ಮಾಡಿದಳು. ಮೊದಲ ಸಾಲು ಒಡೆಯಿತು. ಎರಡನೆಯದು ಸ್ವಲ್ಪ ನಿಂತಿತು.

ಬಾಗಿಲು ತಳ್ಳಲು ಬಂದ ಅಣ್ಣನ ಕೈ, ದನಿ ಕೇಳಿದ್ದೇ, ಹುಟ್ಟಿದಂದಿನ ಅಭ್ಯಾಸಕ್ಕೆ ಗಾಳಿಯಲ್ಲೇ ನಿಂತಿತು.

ಡ್ರೈವರು ಅವನನ್ನು ಸರಿಸಿ ಮುಂದೆ ಬಂದ. “ಅಮ್ಮಾ, ಕಾಲು ಒಳಗೆ ತಗೊಳ್ಳಿ. ಬಾಗಿಲು ಹಾಕ್ಬೇಕು.”

ಅವಳು ಸಾಲು ಮುಗಿಸಿದಳು, ಉಸಿರು ಬಿಟ್ಟಳು.

“ಹಾಕಕ್ಕೆ ಬಿಡಲ್ಲ,” ಎಂದಳು, ಬೀದಿಗೆಲ್ಲ ಕೇಳುವಂತೆ. “ನಿಧಾನಕ್ಕೆ ಹೋಗಿ. ಬಾಗಿಲು ಮುಚ್ಚಿದ್ರೆ ನಮ್ಮಪ್ಪನಿಗೆ ಆಗಲ್ಲ. ನನಗೂ ಆಗಲ್ಲ.”