ಏಷ್ಯಾದ ಎದೆ

ಗಿನಿಪಿಗ್ ನಿಮಿಷಕ್ಕೆ ತೊಂಬತ್ತು ಸಲ ಉಸಿರಾಡುತ್ತದೆ. ಇದನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ. ನಾನು ಹದಿನೈದಕ್ಕೇ ಶಾಲೆ ಬಿಟ್ಟವನು. ಡಚ್ಚರ ದೇಶದ ದ ಹೇಗ್ ನಗರದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಮನೆಗೆ ಅಡುಗೆಗೆಂದು ಬಂದ ಅಪ್ಪ ಹಿರಿಯೂರಿನಿಂದ ನನ್ನನ್ನೂ ಕರೆತಂದಿದ್ದ. ಭಾಷೆ ಬಾರದವನೆಂದು ಇಲ್ಲಿನ ಶಾಲೆಯವರು ನನ್ನನ್ನು ಹತ್ತು ವರ್ಷದ ಮಕ್ಕಳ ಪಕ್ಕ ಕೂರಿಸಿದರು. ಎದ್ದು ಬಂದೆ. ಡಚ್ಚನ್ನು ಆಮೇಲೆ ಬೀದಿಯಲ್ಲಿ ಕಲಿತೆ. ಈಗ, ತೊಂಬತ್ತೆಂಟನೇ ಇಸವಿಯಲ್ಲಿ, ಗ್ರೋನಿಂಗನ್ ಎಂಬ ಊರಿನ ಒಂದು ಪ್ರಯೋಗಶಾಲೆಯಲ್ಲಿ ಇನ್ನೂರು ಗಿನಿಪಿಗ್‌ಗಳ ಗೂಡು ಬಳಿಯುವುದು ನನ್ನ ಕೆಲಸ. ನನ್ನನ್ನು ಇಟ್ಟುಕೊಂಡದ್ದು ಪ್ರಯೋಗಶಾಲೆಯಲ್ಲ, ಆಳು ಕಳಿಸುವ ಏಜೆನ್ಸಿ. ಬಿಡುವ ಹಾಗೂ ಇಲ್ಲ. ಕೆಲಸ ಹೋದರೆ ಈ ದೇಶದಲ್ಲಿ ಇರುವ ಪರವಾನಗಿಯೂ ಹೋಗುತ್ತದೆ.

ಆ ತೊಂಬತ್ತರ ಲೆಕ್ಕ ಹೇಳಿಕೊಟ್ಟವರು ಜಯದೇವಣ್ಣ. ಮೈಸೂರಿನವರು, ಉಬ್ಬಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಮೊದಲೇ ಅಲರ್ಜಿ ಹಿಡಿಸಿಟ್ಟ ಗಿನಿಪಿಗ್ಗನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಮೊಟ್ಟೆಯ ಬಿಳಿಭಾಗದ ಪುಡಿ ಕಲಸಿದ ನೀರನ್ನು ಮಂಜು ಮಾಡಿ ಒಳಗೆ ಬಿಡುತ್ತಿದ್ದರು. ಅದರ ಉಸಿರಿನ ನಾಳ ಬಿಗಿಯುತ್ತದೆ, ಪಕ್ಕೆಗಳು ಒಳಗೆ ಸೇದಿಕೊಳ್ಳುತ್ತವೆ, ಕತ್ತು ಮುಂದಕ್ಕೆ ಚಾಚಿ ಗಾಳಿಗಾಗಿ ಒದ್ದಾಡುತ್ತದೆ. ಪಕ್ಕದ ಕಾಗದದ ಮೇಲೆ ಒಂದು ಪೆನ್ನು ಅದನ್ನೆಲ್ಲ ಗೆರೆಯಾಗಿ ಎಳೆಯುತ್ತದೆ.

"ಮನೇಲಿ ಮೊಟ್ಟೆ ಮುಟ್ಟಲ್ಲ, ಇಲ್ಲಿ ಈ ಬಡಪಾಯಿಗೆ ಮೂಗಲ್ಲಿ ಕುಡಿಸ್ತೀರಲ್ಲ ಅಣ್ಣ" ಅಂದರೆ, "ಅದಕ್ಕೇ ನಿನ್ನ ಕೈಲಿ ಕಲಸಿಸೋದು ಕಣೋ ಮರಿಯಪ್ಪ. ಪಾಪ ನಿಂಗೆ, ಡಿಗ್ರಿ ನಂಗೆ" ಎಂದು ನಗುತ್ತಿದ್ದರು.

ಎರಡನೇ ಚಳಿಗಾಲಕ್ಕೆ ಅದೇ ಪಕ್ಕೆ ಸೇದುವುದು ನನಗೆ ಶುರುವಾಯಿತು. ಗೂಡಿನ ಮರದ ಹೊಟ್ಟು ಕೊಡವಿದರೆ ಸೀನು. ಸಂಜೆ ಸೈಕಲ್ ತುಳಿದು ಕಾಲುವೆಯ ಸೇತುವೆ ಹತ್ತುವಷ್ಟರಲ್ಲಿ ಎದೆಯೊಳಗೆ ಸಿಳ್ಳೆ. ಪ್ರಾಣಿಗಳ ಉಚ್ಚೆ ಒಣಗಿ ಧೂಳಾಗಿ ತೇಲುತ್ತದೆ, ಕೆಲವರ ಎದೆಗೆ ಅದು ಆಗಿಬರುವುದಿಲ್ಲ. ಇದನ್ನು ಹೇಳಿದವರೂ ಜಯದೇವಣ್ಣನೇ. ಕೆಳಗಿನ ಮಹಡಿಯಲ್ಲಿ ಗಾಜಿನ ಸೀಸೆ ತೊಳೆಯುವ ಕೋಣೆಯಿದೆ, ಅಲ್ಲಿ ಪ್ರಾಣಿಗಳಿಲ್ಲ. ನನ್ನನ್ನು ಅಲ್ಲಿಗೆ ಹಾಕಿ ಎಂದು ಪ್ರಯೋಗಶಾಲೆಯ ಕಚೇರಿಯಲ್ಲಿ ಕೇಳಿದೆ. ಡಾಕ್ಟರ ಪತ್ರ ತಾ ಎಂದರು. ಡಾಕ್ಟರಿಗೆ ಬೇಕಾದದ್ದು ಒಂದೇ ಅಂಕಿ: ಉಸಿರು ಊದುವ ಯಂತ್ರದಲ್ಲಿ, ನನ್ನ ವಯಸ್ಸು ಎತ್ತರದ ಆರೋಗ್ಯವಂತನಿಗೆ ನೂರು ಎಂದಿಟ್ಟುಕೊಂಡರೆ, ನನಗೆ ಎಂಬತ್ತಕ್ಕಿಂತ ಕಡಿಮೆ ಬರಬೇಕು.

ಯಂತ್ರ ನೋಡಿಕೊಳ್ಳುವವಳು ರಜೆಯಲ್ಲಿದ್ದಳು, ಜಯದೇವಣ್ಣನೇ ಕೂತರು. ಒಳ್ಳೆಯದಾಯಿತು, ನಮ್ಮವರು ಅಂದುಕೊಂಡೆ. ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ.

"ಎಳಕೋ, ಇನ್ನೂ ಎಳಕೋ. ಹಾಂ, ಈಗ ಊದು. ಬಿಡಬೇಡ, ಊದು, ಒಳಗೆ ಇನ್ನೂ ಇದೆ."

ಮೂರು ಸಲ ಊದಿದೆ. ಕಣ್ಣು ಕತ್ತಲೆ ಬಂತು. ಮೊದಲ ಸೆಕೆಂಡಿಗೆ ಮೂರು ಲೀಟರು ಚಿಲ್ಲರೆ. ಪರದೆಯ ಮೇಲೆ ಎಪ್ಪತ್ತಾರು. ಕಮ್ಮಿ ಮಾರ್ಕ್ಸು ಬಂದದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ಖುಷಿಪಟ್ಟೆ.

"ತಾಳು, ಒಂದು ಬಿಟ್ಟೋಗಿತ್ತು" ಎಂದು ಅವರು ಏನೋ ಒತ್ತಿದರು. ಎಪ್ಪತ್ತಾರು ಹೋಗಿ ಎಂಬತ್ತಾರಾಯಿತು.

"ಏನ್ ಮಾಡಿದ್ರಿ ಅಣ್ಣ?"

"ಮೂಲ ಯಾವುದು ಅಂತ ಕೇಳುತ್ತೆ. ಏಷ್ಯಾ ಅಂತ ಹಾಕ್ದೆ. ನಮ್ಮ ಎದೆ ಇವ್ರದ್ದಕ್ಕಿಂತ ಚಿಕ್ಕದು ಅಂತ ಲೆಕ್ಕ. ಇರಬೇಕಾದ ಅಳತೇಲೇ ನೂರಕ್ಕೆ ಹನ್ನೆರಡು ಕಮ್ಮಿ ಮಾಡ್ತಾರೆ."

ನಮ್ಮವರಿಗೆ ಕಂಡ ತಕ್ಷಣ ಯಾವ ಊರು ಎಂದು ಕೇಳುವ ಚಾಳಿ. ಜಯದೇವಣ್ಣನೂ ಮೊದಲ ದಿನ ಕೇಳಿ, ಹಿರಿಯೂರು ಅಂದದ್ದಕ್ಕೆ ಪುಳಿಯೋಗರೆ ಡಬ್ಬಿ ಮುಂದೆ ಇಟ್ಟಿದ್ದರು. ಈ ದರಿದ್ರ ಯಂತ್ರವೂ ಅದನ್ನೇ ಕೇಳಿತು. ಕೇಳಿ, ನಾನು ಕಳೆದುಕೊಂಡ ಗಾಳಿಯನ್ನು ನಾನು ಹುಟ್ಟುವಾಗಲೇ ತಂದಿರಲಿಲ್ಲ ಎಂದು ತೀರ್ಮಾನಿಸಿತು.

"ಅದನ್ನ ತೆಗೀರಿ."

"ಹಂಗೆಲ್ಲ ತೆಗೆಯೋಕಾಗಲ್ಲ ಕಣೋ, ರೂಲ್ಸು. ಇರು, ನಂದೇ ನೋಡು." ಕೊಳವೆ ಬದಲಾಯಿಸಿ ತಾವೇ ಊದಿದರು. "ನೋಡ್ದಾ? ಇವ್ರ ಲೆಕ್ಕದಲ್ಲಿ ಎಂಬತ್ತೆಂಟು, ನಮ್ಮ ಲೆಕ್ಕದಲ್ಲಿ ನೂರು. ನಂಗೇನಾದ್ರೂ ಕಾಯಿಲೆ ಇದೆಯಾ?"

"ನೀವು ಗೂಡು ಬಳಿಯಲ್ಲ. ನಿಮ್ಮ ಎದೆ ತಗೊಂಡು ನಾನೇನ್ ಮಾಡ್ಲಿ? ಗಿನಿಪಿಗ್ಗಿಗೂ ಯಾವ ಊರು ಅಂತ ಕೇಳ್ತೀರಾ?"

"ಅವಕ್ಕೆ ಬೇಕಾಗಲ್ಲ. ಒಂದೊಂದನ್ನೂ ಅದರದೇ ಮೊದಲ ದಿನದ ಅಂಕಿಗೆ ಹೋಲಿಸ್ತೀವಲ್ಲ."

"ನನ್ನನ್ನೂ ಹಂಗೇ ಹೋಲಿಸಿ."

ಅವರು ಕನ್ನಡಕ ಒರೆಸಿಕೊಂಡರು. "ನಿಂದು ಮೊದಲ ದಿನದ್ದು ಎಲ್ಲಿದೆಯೋ? ಏಜೆನ್ಸಿಯಿಂದ ಬಂದವ್ರಿಗೆ ಮಾಡಲ್ಲ."

ಎರಡು ನಿಮಿಷದ ಕೆಲಸ, ಮಾಡಲಿಲ್ಲ. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಇನ್ನೂರು ಗಿನಿಪಿಗ್‌ಗಳ ಮೊದಲ ದಿನದ ಉಸಿರು ನಂಬರು ಹಚ್ಚಿಸಿಕೊಂಡು ಕೂತಿತ್ತು. ಸತ್ತವುಗಳದ್ದು ಕೂಡ.

ಮುಂದಿನ ವಾರ ಡಾಕ್ಟರಮ್ಮ ಕರೆದಳು. ಒಳ್ಳೆಯ ಹೆಂಗಸು, ಕಾಫಿ ಕೊಟ್ಟಳು. ಎಂಬತ್ತಾರು, ಸರಿಯಾಗಿದೆ ಎಂದಳು. ಸಿಳ್ಳೆ, ಸೇತುವೆ, ಹೊಟ್ಟು ಎಲ್ಲವನ್ನೂ ನನ್ನ ಬೀದಿ ಡಚ್ಚಿನಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ನ್ಯಾಯವಾದ ಒಂದು ದಾರಿ ಹುಡುಕಿದಳು: ಮೊನ್ನೆ ಊದಿದ್ದನ್ನೇ ನನ್ನ ಮೊದಲ ದಿನ ಎಂದು ಬರೆದುಕೊಳ್ಳುವುದು. ಆರು ತಿಂಗಳು ಬಿಟ್ಟು ಮತ್ತೆ ಊದುವುದು. ಅದಕ್ಕಿಂತ ನೂರಕ್ಕೆ ಇಪ್ಪತ್ತು ಇಳಿದಿದ್ದರೆ ಅವತ್ತೇ ಪತ್ರ.

ಎರಡು ವರ್ಷ ತಿಂದುಹಾಕಿದ ಮೇಲೆ ಉಳಿದ ಎದೆಯೇ ಈಗ ನನ್ನ ನೂರಕ್ಕೆ ನೂರು.

ಜಯದೇವಣ್ಣನಿಗೆ ಸಮಾಧಾನವಾದಂತಿತ್ತು. ನನ್ನ ಹೆಸರಿನ ಕಾರ್ಡು ಬರೆದು ದಿನಾಂಕ ಹಾಕಿದರು. "ಏನೋ ಒಂದು ಆಯ್ತಲ್ಲ ಬಿಡು. ಅಲ್ಲಿವರೆಗೂ ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡು. ಸರಿಹೋಗುತ್ತೆ."

"ಸರಿಹೋದ್ರೆ ಪತ್ರ ಸಿಗಲ್ಲ, ಸಾರ್."

ಸಾರ್ ಅಂದದ್ದು ಅವರಿಗೆ ನಾಟಿತು.

"ಎಷ್ಟಕ್ಕೆ ಇಳೀಬೇಕು, ಲೆಕ್ಕ ಹಾಕಿ ಹೇಳಿ" ಅಂದೆ.

"ಎರಡೂವರೆ ಲೀಟರು" ಎಂದರು, ಮೆಲ್ಲಗೆ.

ಎದ್ದು ಪ್ರಾಣಿಗಳ ಕೋಣೆಗೆ ನಡೆದೆ. ಬಾಗಿಲ ಪಕ್ಕ ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕಿನ ಪೆಟ್ಟಿಗೆ. "ಮಾಸ್ಕ್ ಹಾಕ್ಕೊಳೋ" ಎಂದು ಅವರು ಹಿಂದಿನಿಂದ ಕೂಗಿದರು. ಆಮೇಲೆ ನನ್ನ ಹೆಸರು ಹಿಡಿದು ಇನ್ನೊಂದು ಸಲ ಕೂಗಿದರು. ನಾನು ಬಾಗಿಲು ಹಾಕಿಕೊಂಡೆ. ಕೆಳಸಾಲಿನ ಗೂಡುಗಳ ತಟ್ಟೆಗಳಲ್ಲಿ ಮೂರು ದಿನದ ಹೊಟ್ಟು ಒದ್ದೆಯಾಗಿ, ಒಣಗಿ ಗಟ್ಟಿಯಾಗಿತ್ತು. ಒಂದನ್ನು ಎಳೆದು, ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಕೊಡವಿದೆ. ಆಮೇಲೆ ಅದರ ಪಕ್ಕದ್ದು.